ಟೋಪಿಯ ಮೇಲಿನ ಕೊಕ್ಕರೆ

ಎಲ್ಲಕ್ಕೂ ಕಾರಣ ಪಟಾಲಮ್ಮಿನ ಹೊಸ ಸಾಹೇಬರ ಏಳು ವರ್ಷದ ಮಗಳು. ಬೆಳಗಿನ ಹಾಲು ಕುಡಿಯುತ್ತ ಅವಳು ಮೇಜಿನ ಮೇಲಿದ್ದ ಅಪ್ಪನ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅಪ್ಪಾ, ಬೇರೆ ಪಟಾಲಮ್ಮಿನವರ ಟೋಪಿ ಮೇಲೆ ಸಿಂಹ ಇದೆ, ಹುಲಿ ಇದೆ. ನಿಮ್ಮದರ ಮೇಲೆ ಮಾತ್ರ ಯಾಕೆ ಕೊಕ್ಕರೆ?" ಎಂದು ಕೇಳಿದಳು. ಇಪ್ಪತ್ತೈದು ವರ್ಷ ಸೈನ್ಯದಲ್ಲಿ ಸವೆದ ಸಾಹೇಬರಿಗೆ ಉತ್ತರ ಹೊಳೆಯಲಿಲ್ಲ. ಈ ಪಟಾಲಮ್ಮಿಗೆ ಬಂದು ಅವರಿಗೆ ಮೂರೇ ವಾರವಾಗಿತ್ತು. ಅಂದು ಮಧ್ಯಾಹ್ನವೇ ಪಟಾಲಂ ಹುಟ್ಟಿದ ದಿನದ ಊಟ, ಊಟಕ್ಕೆ ಮೊದಲು ಅವರ ಭಾಷಣ. ಮಗಳಿಗೆ ಕೊಡಲಾಗದ ಉತ್ತರವನ್ನು ನಾನೂರು ಜನರ ಮುಂದೆ ಯಾರಾದರೂ ಕೇಳಿದರೆ ಗತಿಯೇನು ಎಂದು ಅವರು ಕೂಡಲೇ ಹವಾಲ್ದಾರನನ್ನು ಕರೆದರು. ಹವಾಲ್ದಾರ ಮೀಸೆ ತಿರುವಿಕೊಂಡು ಮ್ಯೂಸಿಯಮ್ಮಿನ ಕಡೆ ಹೊರಟ.

ಈ ಪಟಾಲಮ್ಮಿನಲ್ಲಿ ಮ್ಯೂಸಿಯಂ ಎಂದರೆ ಪರೇಡ್ ಮೈದಾನದ ಹಿಂದಿರುವ ಉದ್ದನೆಯ ಹಳೆಯ ಕಟ್ಟಡ. ಅದರೊಳಗೆ ಹದಿನೇಳು ವರ್ಷದಿಂದ ಕೂತಿರುವ ಮನುಷ್ಯನನ್ನೂ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. "ಏನ್ ಮ್ಯೂಸಿಯಂ, ಚೆನ್ನಾಗಿದ್ದೀರಾ?" ಎಂದು ದಾರಿಯಲ್ಲಿ ಸಿಕ್ಕವರು ಕೇಳುತ್ತಿದ್ದರು. ಅವನು ಬಾಯಿ ತೆರೆಯುವಷ್ಟರಲ್ಲಿ ಹತ್ತು ಹೆಜ್ಜೆ ಮುಂದೆ ಹೋಗಿರುತ್ತಿದ್ದರು. ಗಾಜಿನ ಪೆಟ್ಟಿಗೆಗಳಲ್ಲಿರುವ ಟೋಪಿ, ಬೆಲ್ಟು, ಬಿಲ್ಲೆಗಳನ್ನು ಒರೆಸುವುದು, ಹಳೆಯ ಸಮವಸ್ತ್ರ ತೊಡಿಸಿ ನಿಲ್ಲಿಸಿದ ಒಂಬತ್ತು ಪ್ಲಾಸ್ಟರ್ ಬೊಂಬೆಗಳ ಧೂಳು ಕೊಡವುವುದು, ಬಂದವರಿಗೆ ಎಲ್ಲವನ್ನೂ ವಿವರಿಸುವುದು ಅವನ ಕೆಲಸ. ಬಂದವರು ಎನ್ನುವುದು ಬರೀ ಮಾತಿಗೆ. ಭೇಟಿ ಪುಸ್ತಕದಲ್ಲಿದ್ದ ಕೊನೆಯ ಸಹಿ ನಾಲ್ಕು ತಿಂಗಳ ಹಿಂದಿನದು, ಅದೂ ಶೌಚಾಲಯ ಎಲ್ಲಿ ಎಂದು ಕೇಳಲು ಬಂದವನದು. ಸಹಿ ಹಾಕಿದ ಮೇಲೆಯೇ ದಾರಿ ತೋರಿಸುವುದು ಎಂದು ಮ್ಯೂಸಿಯಂ ಹಟ ಹಿಡಿದಿದ್ದ.

ಅವನ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಲಾಂಡ್ರಿಯ ಮೇಲಿನ ಒಂದು ಕೋಣೆಯಲ್ಲಿ ವಾಸ. ಶನಿವಾರ ಮಧ್ಯಾಹ್ನ ಬೀಗ ಹಾಕಿ ಮನೆಗೆ ಹೋದರೆ ಸೋಮವಾರ ಬೆಳಗಿನವರೆಗೆ ನಾಲಿಗೆಗೆ ಕೆಲಸವಿರುತ್ತಿರಲಿಲ್ಲ. ಹಾಗಾಗಿ ಸೋಮವಾರದ ಮೊದಲ ಮಾತು ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟುತ್ತ ಹೊರಬರುತ್ತಿತ್ತು. ಅದನ್ನು ತಪ್ಪಿಸಲೆಂದೇ ಅವನು ಬೊಂಬೆಗಳ ಜೊತೆ ಮಾತಾಡುವುದನ್ನು ರೂಢಿಸಿಕೊಂಡಿದ್ದ. ಎಲ್ಲಕ್ಕಿಂತ ಹಳೆಯ ಬೊಂಬೆಯನ್ನು ಅಣ್ಣ ಎನ್ನುತ್ತಿದ್ದ. ಮೂಗು ಮುರಿದದ್ದನ್ನು ಮಾತ್ರ ಮಾತಾಡಿಸುತ್ತಿರಲಿಲ್ಲ. ಆ ಮೂಗು ಮುರಿದದ್ದು ಅವನ ಕೈಯಿಂದಲೇ, ಆ ಸಂಕೋಚ ಇನ್ನೂ ಹೋಗಿರಲಿಲ್ಲ.

ಪಟಾಲಮ್ಮಿನಲ್ಲಿ ಅವನಿಗೆ ಒಂದೇ ಒಂದು ಆಸೆ ಇತ್ತು. ವರ್ಷಕ್ಕೊಮ್ಮೆ ನಡೆಯುವ ಆ ಊಟಕ್ಕೆ ಎಲ್ಲರ ಜೊತೆ ಕೂರಬೇಕು. ಅಲ್ಲಿನ ಪದ್ಧತಿ ಏನೆಂದರೆ, ಯಾರ ಟೋಪಿಯ ಮೇಲೆ ಕೊಕ್ಕರೆ ಇದೆಯೋ ಅವರಿಗಷ್ಟೇ ಮೇಜಿನಲ್ಲಿ ಜಾಗ. ಸಾಹೇಬರಿಂದ ಹಿಡಿದು ದರ್ಜಿ ಸಿಪಾಯಿ, ಪಾತ್ರೆ ತೊಳೆಯುವ ಸಿಪಾಯಿಯವರೆಗೂ ಅಂದು ಒಂದೇ ಪಂಕ್ತಿ. ಮ್ಯೂಸಿಯಂ ಸಿಪಾಯಿಯಲ್ಲ, ಬರೀ ನೌಕರ. ಮುನ್ನೂರ ಹನ್ನೆರಡು ಕೊಕ್ಕರೆ ಬಿಲ್ಲೆಗಳನ್ನು ವಾರಕ್ಕೊಮ್ಮೆ ಉಜ್ಜಿ ಹೊಳಪಿಸುವ ಅವನಿಗೆ ಅದರಲ್ಲಿ ಒಂದನ್ನು ತೊಡುವ ಹಕ್ಕಿರಲಿಲ್ಲ. ಹದಿನೇಳು ವರ್ಷವೂ ಆ ದಿನ ಅವನು ಡಬ್ಬಿಯಲ್ಲಿ ತಂದ ತಣ್ಣನೆಯ ಊಟವನ್ನು ಬೊಂಬೆಗಳ ನಡುವೆ ಕೂತು ತಿಂದಿದ್ದ. ಏನು ತಿಂದ ಎಂಬುದಕ್ಕಿಂತ ಅಂಥ ದಿನ ಒಬ್ಬನೇ ತಿಂದಿದ್ದೇ ಅವನಿಗೆ ನೆನಪಿತ್ತು.

ಹವಾಲ್ದಾರ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ ಚೀಟಿಯೊಂದನ್ನು ತೆಗೆದ.

"ಮ್ಯೂಸಿಯಂ, ಸಾಹೇಬರು ನಾಲ್ಕು ಪ್ರಶ್ನೆ ಕಳಿಸಿದಾರೆ. ಒಂದು, ನಮ್ಮ ಲಾಂಛನದಲ್ಲಿ ಕೊಕ್ಕರೆ ಯಾಕಿದೆ? ಎರಡು, ಅದು ಒಂಟಿಕಾಲಲ್ಲಿ ಯಾಕೆ ನಿಂತಿದೆ? ಮೂರು, ಎತ್ತಿರೋ ಕಾಲಲ್ಲಿ ದುಂಡಗೆ ಹಿಡ್ಕೊಂಡಿರೋದು ಏನು? ನಾಲ್ಕು, ಕೆಳಗಡೆ ಸುರುಳಿ ಸುತ್ಕೊಂಡಿರೋದು ಏನು? ಹನ್ನೆರಡು ಗಂಟೆಯೊಳಗೆ ಬರೆದು ಕೊಡಬೇಕು. ಭಾಷಣಕ್ಕೆ."

"ಇವತ್ತೇನಾ?"

"ಇವತ್ತೇ. ಇನ್ನೊಂದು ಮಾತು. ಭಾಷಣಕ್ಕೆ ಒದಗೋ ಹಾಗೆ ಬರೆದುಕೊಟ್ರೆ ನಿಮಗೂ ಊಟದ ಮೇಜಲ್ಲಿ ಒಂದು ಕುರ್ಚಿ ಹಾಕ್ಸಿ ಅಂತ ಹೇಳಿದಾರೆ. ಅವರ ಬಾಯಿಂದಾನೇ ಬಂತು, ನಾನು ಸೇರಿಸಿದ್ದಲ್ಲ."

ಹವಾಲ್ದಾರ ಹೋದ ಮೇಲೆ ಮ್ಯೂಸಿಯಂ ಹಳೆಯ ಬೊಂಬೆಯ ಕಡೆ ತಿರುಗಿ, "ಅಣ್ಣಾ, ಕುರ್ಚಿಯಂತೆ" ಎಂದ. ಆಮೇಲೆ ಕೂತು ತಲೆಯ ಮೇಲೆ ಕೈ ಹೊತ್ತುಕೊಂಡ. ಆ ನಾಲ್ಕೂ ಪ್ರಶ್ನೆಗಳ ನಿಜವಾದ ಉತ್ತರ ಅವನಿಗೆ ಗೊತ್ತಿತ್ತು, ಕಷ್ಟ ಇದ್ದದ್ದೇ ಅಲ್ಲಿ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವನಿಗೆ ಒಂದು ಹಳೆಯ ಫೈಲು ಸಿಕ್ಕಿತ್ತು. ಪಟಾಲಂ ಕಟ್ಟಿದ ಮೊದಲ ಸಾಹೇಬರು ಬಿಲ್ಲೆ ಮಾಡುವವನಿಗೆ ರೆಕ್ಕೆ ಬಿಚ್ಚಿದ ಹದ್ದು ಬೇಕೆಂದು ಬರೆದಿದ್ದರು. ಬಿಲ್ಲೆಯವನ ಬಳಿ, ಊರಿಗೆ ಕೊಳಾಯಿ ಹಾಕುವ ಕಂಪನಿಯೊಂದಕ್ಕೆಂದು ಮಾಡಿದ ಸಾವಿರ ಬಿಲ್ಲೆ ಬಿದ್ದಿದ್ದವು. ಕಂಪನಿ ಬಾಗಿಲು ಮುಚ್ಚಿಕೊಂಡಿತ್ತು. ಅವನು ಮರುಪತ್ರ ಬರೆದಿದ್ದ: "ಹದ್ದು ತಯಾರಾಗಲು ಎಂಟು ತಿಂಗಳು ಬೇಕು. ಕೊಕ್ಕರೆ ಈಗಲೇ ಸಿದ್ಧವಿದೆ. ದೂರದಿಂದ ನೋಡಿದರೆ ಎರಡೂ ಹಕ್ಕಿಯೇ." ಅದರ ಕೆಳಗೆ ಮೊದಲ ಸಾಹೇಬರು "ಆಗಬಹುದು" ಎಂದು ಸಹಿ ಹಾಕಿದ್ದರು. ನೀರಿನ ಕಂಪನಿಯಾದ್ದರಿಂದ ಕೊಕ್ಕರೆ. ಅದರ ಕಾಲಿನಲ್ಲಿದ್ದದ್ದು ನಲ್ಲಿಯ ತಿರುಪು, ಅದನ್ನು ಹಿಡಿಯಲೆಂದೇ ಅದು ಒಂಟಿಕಾಲಲ್ಲಿ ನಿಂತದ್ದು. ಕೆಳಗಿನ ಸುರುಳಿ ನೀರಿನ ಪೈಪು. ನೂರಾ ಹತ್ತು ವರ್ಷದಿಂದ ಜನ ಆ ಪೈಪಿಗೆ ಸಲಾಮು ಹೊಡೆಯುತ್ತ ಬಂದಿದ್ದರು, ಅದನ್ನು ತೊಟ್ಟು ಯುದ್ಧದಲ್ಲಿ ಸತ್ತಿದ್ದರು ಕೂಡ. ಒಮ್ಮೆ ಅವನು ಇದನ್ನು ಹಿಂದಿನ ಸಾಹೇಬರೊಬ್ಬರಿಗೆ ಹೇಳಿದ್ದ. ಅವರು ಫೈಲನ್ನು ಮುಚ್ಚಿ ಅವನ ಕಡೆ ತಳ್ಳಿ, "ಈ ಫೈಲನ್ನ ಇಲಿ ತಿಂದ್ರೆ ನನಗೇನೂ ಬೇಜಾರಿಲ್ಲ" ಎಂದಿದ್ದರು.

ನಿಜ ಬರೆದರೆ ಕುರ್ಚಿ ಹೋಗುತ್ತದೆ, ಸುಳ್ಳು ಕಟ್ಟಲು ಅಭ್ಯಾಸವಿಲ್ಲ. ಅವನು ಪೆನ್ನು ತೆರೆದು "ಕೊಕ್ಕರೆ ಎಚ್ಚರದ ಸಂಕೇತ" ಎಂದು ಬರೆದ. ಮುಂದಿನ ವಾಕ್ಯಕ್ಕೆ ಕಾಯುತ್ತ ಕೂತ. ವಾಕ್ಯದ ಬದಲು ದರ್ಜಿ ಬಂದ.

ಹವಾಲ್ದಾರನ ಹೊಟ್ಟೆಯಲ್ಲಿ ಅನ್ನ ಬಿಟ್ಟು ಬೇರೇನೂ ನಿಲ್ಲುತ್ತಿರಲಿಲ್ಲ. ಸಾಹೇಬರು ಲಾಂಛನದ ಅರ್ಥ ಕೇಳಿದ್ದಾರೆ, ಮ್ಯೂಸಿಯಂ ಬರೆಯುತ್ತಿದ್ದಾನೆ ಎಂಬ ಸುದ್ದಿ ಒಂಬತ್ತೂವರೆಗೆಲ್ಲ ಪಟಾಲಮ್ಮಿನ ಮೂಲೆ ಮೂಲೆಗೂ ಮುಟ್ಟಿತ್ತು. ತೋಳುಪಟ್ಟಿಗಳ ಮೇಲೆ ಕೊಕ್ಕರೆಯನ್ನು ಕಸೂತಿ ಮಾಡುವ ದರ್ಜಿ ಕತ್ತಿನಲ್ಲಿ ಅಳತೆ ಪಟ್ಟಿ ನೇತುಹಾಕಿಕೊಂಡೇ ಓಡಿಬಂದಿದ್ದ.

"ಕೆಳಗಡೆ ಸುರುಳಿ ಇದೆಯಲ್ಲ, ಅದು ದಾರ ಅಂತ ಬರೀರಿ," ಎಂದ ದರ್ಜಿ. "ನಮ್ಮ ತಾತನ ಕಾಲದಿಂದ ನಾವೇ ಹೊಲೀತಿರೋದು. ದರ್ಜಿ ಇಲ್ಲದೆ ಪಟಾಲಂ ಬೆತ್ತಲೆ ಅಂತ ಅದರ ಅರ್ಥ."

"ಆದ್ರೆ ನೀವು ಕಸೂತಿ ಮಾಡುವಾಗ ಅದಕ್ಕೆ ಕಣ್ಣು ಇಡ್ತೀರಲ್ಲ. ದಾರಕ್ಕೆ ಎಲ್ಲಿಯ ಕಣ್ಣು?"

"ಅದು ನಮ್ಮಪ್ಪ ಹಾವು ಅಂದ್ಕೊಂಡು ಇಟ್ಟಿದ್ದು. ಕಣ್ಣಿಲ್ಲದ ಹಾವು ನೋಡೋಕೆ ಚೆನ್ನಾಗಿರಲ್ಲ ಅಂತ. ಈಗ ನಾನು ಯೋಚನೆ ಮಾಡಿ ನೋಡಿದೀನಿ, ಅದು ದಾರಾನೇ."

ಅಷ್ಟರಲ್ಲಿ ಬ್ಯಾಂಡ್ ಮೇಷ್ಟ್ರು ಒಳಗೆ ಬಂದರು. ಊದಿ ಊದಿ ಅವರ ಕೆನ್ನೆ ಎರಡೂ ಬನ್ನಿನಂತಾಗಿದ್ದವು. ದಾರ ಎಂಬ ಮಾತು ಅವರ ಕಿವಿಗೆ ಬಿತ್ತು.

"ದಾರಾನಾ? ಕಣ್ಣಿಟ್ಟು ನೋಡಿ ಸ್ವಾಮಿ, ಅದು ಕಹಳೆ. ಒಂದು ಕಡೆ ಸಣ್ಣ ಬಾಯಿ, ಇನ್ನೊಂದು ಕಡೆ ಅಗಲ ಬಾಯಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಬರೀರಿ, ಕಹಳೆ ಊದಿದ ಮೇಲೇನೇ ಪಟಾಲಂ ಕಾಲೆತ್ತೋದು. ಅದಕ್ಕೇ ಹಕ್ಕಿ ಕಾಲೆತ್ತಿರೋದು."

"ಊದೋದು ನಿಂತ್ರೂ ಪಟಾಲಂ ನಡೆಯುತ್ತೆ. ಚಡ್ಡಿ ಇಲ್ದೆ ನಡೆಯುತ್ತಾ?" ಎಂದು ದರ್ಜಿ ಕೇಳಿದ.

ಮಾತು ಚಡ್ಡಿಯಿಂದ ಇಬ್ಬರ ತಾತಂದಿರ ತನಕ ಹೋಯಿತು. ಆಗಲೇ ಲಾಂಡ್ರಿ ಅಕ್ಕ ಬಂದಳು. ಪಟಾಲಮ್ಮಿನ ಬಟ್ಟೆಯನ್ನೆಲ್ಲ ಒಗೆಸಿ ಇಸ್ತ್ರಿ ಮಾಡಿಸುವವಳು ಅವಳೇ, ಮ್ಯೂಸಿಯಂ ಇರುವ ಕೋಣೆಯ ಯಜಮಾನಿಯೂ ಅವಳೇ. ಅವಳ ವಾದ ಸರಳವಾಗಿತ್ತು. ಕೊಕ್ಕರೆ ಬೆಳ್ಳಗಿದೆ. ಕೆಸರಲ್ಲಿ ನಿಂತರೂ ಬೆಳ್ಳಗಿದೆ. ಕಾಲಲ್ಲಿ ಹಿಡಿದಿರುವುದು ಸೋಪಿನ ಉಂಡೆ. "ಇಷ್ಟು ದೊಡ್ಡ ವಿಷಯ ನಿಮಗೆ ಇಷ್ಟು ವರ್ಷ ಕಾಣ್ಲಿಲ್ವಲ್ಲ ಅಣ್ಣ" ಎಂದು ಅವಳು ಮರುಗಿದಳು.

ಮ್ಯೂಸಿಯಂ ಈ ಮೂವರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಬುದ್ಧಿಯಿರುವ ಯಾರೇ ಆದರೂ ಹಾಗೆ ಮಾಡುತ್ತಿದ್ದರು. ಆದರೆ ಆ ಕಟ್ಟಡದಲ್ಲಿ ಮೂರು ಜನ ಒಟ್ಟಿಗೆ ಮಾತಾಡಿದ್ದನ್ನು ಅವನು ಕೇಳಿದ್ದು ಅದೇ ಮೊದಲು. ಅವನು ಸ್ಟೋವ್ ಹಚ್ಚಿ ಟೀಗೆ ಇಟ್ಟ. ಇದ್ದದ್ದು ಒಂದೇ ಲೋಟ, ಹಾಗಾಗಿ ಪ್ರದರ್ಶನಕ್ಕಿಟ್ಟಿದ್ದ ಹಳೆಯ ಯುದ್ಧಕಾಲದ ತಗಡಿನ ಲೋಟಗಳನ್ನು ಪೆಟ್ಟಿಗೆಯಿಂದ ತೆಗೆದು ತೊಳೆದ. ಮೂವರಿಗೂ ಭೇಟಿ ಪುಸ್ತಕದಲ್ಲಿ ಸಹಿ ಹಾಕಿಸಿದ. ದರ್ಜಿ ಹೇಳಿದ್ದಕ್ಕೆ ಹೌದು ಎಂದ, ಮೇಷ್ಟ್ರು ಹೇಳಿದ್ದಕ್ಕೂ ಹೌದು ಎಂದ. ಅಕ್ಕನಿಗಂತೂ ಕೇಳುವ ಮೊದಲೇ ಹೌದು ಎಂದುಬಿಟ್ಟ. ಯಾರು ಮುನಿಸಿಕೊಂಡರೂ ಎದ್ದು ಹೋಗುತ್ತಾರೆ ಎಂಬುದೊಂದೇ ಅವನ ಭಯ.

ಹೀಗೆ ಹನ್ನೊಂದು ಗಂಟೆಗೆ ಸಿದ್ಧವಾದ ಬರಹ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಇತ್ತು. ಕೆಳಗಿನ ಸುರುಳಿ ದಾರವೂ ಹೌದು, ಕಹಳೆಯೂ ಹೌದು. ಕಾಲಿನಲ್ಲಿರುವುದು ಶುದ್ಧಿಯ ಸಂಕೇತವಾದ ಒಂದು ದುಂಡನೆಯ ಪದಾರ್ಥ. ಮೂವರೂ ತಮ್ಮ ತಮ್ಮ ಸಾಲನ್ನು ಎರಡೆರಡು ಸಲ ಓದಿ ತೃಪ್ತರಾದರು. ಮ್ಯೂಸಿಯಂ ಹಾಳೆಯನ್ನು ಮಡಚಿ ಕೋಟಿನ ಒಳಜೇಬಿಗೆ ಇಟ್ಟ. ದರ್ಜಿ ಮತ್ತು ಮೇಷ್ಟ್ರು ಹೊರಟರು. ಅಕ್ಕ ಹೊರಡುವಾಗ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಈ ಕೋಟಲ್ಲಿ ಸಾಹೇಬರ ಜೊತೆ ಊಟಕ್ಕೆ ಕೂರ್ತೀರಾ? ಜನ ನನ್ನ ಲಾಂಡ್ರಿ ಬಗ್ಗೆ ಏನಂದ್ಕೋಬೇಕು? ಬಿಚ್ಚಿ ಕೊಡಿ, ಒಂದು ಕೈ ಇಸ್ತ್ರಿ ಹಾಕ್ತೀನಿ."

ಅವನ ಕೋಟಿನ ಬಗ್ಗೆ ಯಾರಾದರೂ ಕಾಳಜಿ ತೋರಿಸಿ ಒಂಬತ್ತು ವರ್ಷವಾಗಿತ್ತು. ಅವನು ಬಿಚ್ಚಿ ಕೊಟ್ಟ. ಅವಳು ಹೋದ ಮೇಲೂ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ನಗುತ್ತಿದ್ದ. ಹನ್ನೊಂದೂ ಇಪ್ಪತ್ತಕ್ಕೆ ಹವಾಲ್ದಾರ ಬಂದು "ಎಲ್ಲಿ ಕಾಗದ?" ಎಂದಾಗ ಅವನ ಕೈ ಎದೆಯ ಕಡೆ ಹೋಯಿತು. ಅಲ್ಲಿ ಬರೀ ಅಂಗಿ ಇತ್ತು.

ಲಾಂಡ್ರಿಯವರೆಗೂ ಅವನು ಓಡಿದ ರೀತಿ ಕಂಡು ಗೇಟಿನ ಕಾವಲಿನವನು ಬಂದೂಕು ಸರಿಮಾಡಿಕೊಂಡ. ಒಳಗೆ ಅಕ್ಕ ಕೋಟನ್ನು ಎರಡೂ ಕೈಯಿಂದ ಹಿಂಡುತ್ತಿದ್ದಳು.

"ಇಸ್ತ್ರಿ ಅಂದ್ರಲ್ಲ ಅಕ್ಕಾ?"

"ಕಾಲರಿನ ಹತ್ರ ಒಂದು ಕಲೆ ಇತ್ತು. ನೋಡಿ ನೋಡಿ ಹೇಗೆ ಬಿಡ್ಲಿ? ಒಂದು ಸಲ ಬಕೆಟ್ಟಲ್ಲಿ ಅದ್ದಿದೆ ಅಷ್ಟೆ. ಆಮೇಲೆ ಇದೇನೋ ನೀಲಿ ಬಿಡೋಕೆ ಶುರುವಾಯ್ತು."

ಒಳಜೇಬಿನಿಂದ ಬಂದದ್ದು ಒಂದು ಮೆತ್ತನೆಯ ಮುದ್ದೆ. ದಾರ, ಕಹಳೆ, ಸೋಪು ಮೂರೂ ಅದರಲ್ಲಿ ಒಂದಾಗಿಹೋಗಿದ್ದವು. ಕೋಟಿನ ಎಡ ಎದೆಯ ಮೇಲೆ ಅಂಗೈಯಗಲದ ನೀಲಿ ಕಲೆ ಹರಡಿತ್ತು. "ಜೇಬು ನೋಡ್ಕೊಂಡು ಕೊಡೋದಲ್ವಾ ಅಣ್ಣ" ಎಂದಳು ಅಕ್ಕ. ಅವಳ ದನಿಯಲ್ಲಿ ತಪ್ಪು ಯಾರದ್ದೆಂಬುದರ ಬಗ್ಗೆ ಯಾವ ಅನುಮಾನವೂ ಇರಲಿಲ್ಲ.

ಗಡಿಯಾರ ಹನ್ನೊಂದೂ ಮೂವತ್ತೈದು ತೋರಿಸುತ್ತಿತ್ತು. ಹಿಂದೆಯೇ ಬಂದ ಹವಾಲ್ದಾರ, "ಹನ್ನೆರಡಕ್ಕೆ ಸಾಹೇಬರ ಕೈಯಲ್ಲಿ ಇರಬೇಕು. ಇಲ್ಲಾಂದ್ರೆ ಕುರ್ಚಿನೂ ಇಲ್ಲ, ಏನೂ ಇಲ್ಲ" ಎಂದು ಬಟ್ಟೆ ಗಂಟಿನ ಮೇಲೆ ಕೂತ. ಮ್ಯೂಸಿಯಂ ಇಸ್ತ್ರಿ ಮೇಜಿನ ಮುಂದೆ ನಿಂತು ಲಾಂಡ್ರಿಯ ರಸೀತಿ ಪುಸ್ತಕದಿಂದ ಒಂದು ಹಾಳೆ ಹರಿದ. ದರ್ಜಿ, ಮೇಷ್ಟ್ರು ಹೇಳಿದ್ದು ಯಾವುದೂ ನೆನಪಿಗೆ ಬರಲಿಲ್ಲ. ಕೆರೆಯಲ್ಲಿರುವ ನಿಜವಾದ ಕೊಕ್ಕರೆ ಯಾಕೆ ಒಂಟಿಕಾಲಿನ ಮೇಲೆ ನಿಲ್ಲುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಒಂಟಿಯಾಗಿ ನಿಲ್ಲುವುದು ಹೇಗಿರುತ್ತದೆ ಎಂಬುದು ಚೆನ್ನಾಗಿ ತಿಳಿದಿತ್ತು. ಅದನ್ನೇ ಬರೆಯತೊಡಗಿದ.

"ಕೊಕ್ಕರೆಗಳು ಗುಂಪಾಗಿ ಮಲಗುತ್ತವೆ. ಗುಂಪಿನಲ್ಲಿ ಒಂದು ಮಾತ್ರ ಮಲಗುವುದಿಲ್ಲ. ಅದು ಒಂದು ಕಾಲಿನ ಮೇಲೆ ನಿಂತು ಇನ್ನೊಂದರಲ್ಲಿ ಕಲ್ಲು ಹಿಡಿದಿರುತ್ತದೆ, ಜೊಂಪು ಹತ್ತಿದರೆ ಕಲ್ಲು ಬಿದ್ದು ಎಚ್ಚರವಾಗಲಿ ಎಂದು. ಉಳಿದವುಗಳ ಉಸಿರು ಅದಕ್ಕೆ ಕೇಳಿಸುತ್ತದೆ. ಅವುಗಳ ಬಿಸುಪು ಅದಕ್ಕಿಲ್ಲ. ಹೇಗಿದ್ದೀಯ ಎಂದು ಅದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದವರೆಲ್ಲ ನಿದ್ದೆಯಲ್ಲಿದ್ದಾರೆ. ಕೆಳಗಿರುವ ಸುರುಳಿ ಹಗ್ಗ. ಗುಂಪಿಗೂ ಅದಕ್ಕೂ ಇರುವ ನಂಟು ಅದು. ಎಷ್ಟೇ ಉದ್ದವಾದರೂ ಇನ್ನೂ ಕಡಿದಿಲ್ಲ."

ಇಂಥ ಕಲ್ಲಿನ ಕತೆಯನ್ನು ಎಲ್ಲೋ ಓದಿದ್ದೋ ತಾನೇ ಕಟ್ಟಿದ್ದೋ ಅವನಿಗೇ ಗೊತ್ತಾಗಲಿಲ್ಲ. ಬರೆದು ಮುಗಿಸಿದಾಗ ಕಣ್ಣು ತುಂಬಿಕೊಂಡಿತ್ತು, ಇಸ್ತ್ರಿಯ ಹಬೆ ಎಂದು ಒರೆಸಿಕೊಂಡ. ಅಕ್ಕ ಅವನ ಹೆಗಲ ಮೇಲಿಂದ ಇಣುಕಿ ಪೂರ್ತಿ ಓದಿದಳು. ಸೋಪು ಹೋಗಿ ಕಲ್ಲು ಬಂದದ್ದಕ್ಕೆ ಅವಳಿಗೆ ಸ್ವಲ್ಪ ಬೇಜಾರಾದರೂ ಕತೆ ಹಿಡಿಸಿತು.

"ಚೆನ್ನಾಗಿದೆ. ಆದ್ರೆ ಉಪ್ಪು ಖಾರ ಸಾಲದು. ಊಟದ ದಿನ ಅಲ್ವಾ? ಉಳಿದೋರೆಲ್ಲ ಹೊಟ್ಟೆ ತುಂಬ ಉಂಡು ಏಳೋವರೆಗೂ ಆ ಹಕ್ಕಿ ಬಾಯಿಗೆ ತುತ್ತಿಡಲ್ಲ ಅಂತ ಸೇರಿಸಿ. ಕೇಳಿದೋರಿಗೆ ಕರುಳು ಚುರ್ ಅನ್ನಬೇಕು."

ಕೋಟು ಹಾಳು ಮಾಡಿದ ಅಕ್ಕನ ಮನಸ್ಸನ್ನೂ ನೋಯಿಸಲು ಅವನಿಗೆ ಇಷ್ಟವಿರಲಿಲ್ಲ. ಆ ವಾಕ್ಯವನ್ನೂ ಸೇರಿಸಿದ. ಹವಾಲ್ದಾರ ಹಾಳೆಯನ್ನು ಕಸಿದುಕೊಂಡು ಓಡಿದ.

ಒಂದು ಗಂಟೆಗೆ ಮ್ಯೂಸಿಯಂ ಒದ್ದೆ ಕೋಟು ತೊಟ್ಟು, ನೀಲಿ ಕಲೆಯ ಮೇಲೆ ಕೈ ಇಟ್ಟುಕೊಂಡು ಊಟದ ಹಾಲಿಗೆ ಬಂದ. ನೋಡಿದವರು ಇವನು ಎಲ್ಲರಿಗೂ ಎದೆ ಮುಟ್ಟಿ ವಂದಿಸುತ್ತಿದ್ದಾನೆ ಎಂದುಕೊಂಡು ತಾವೂ ವಂದಿಸಿದರು. ಉದ್ದಕ್ಕೂ ಮೇಜುಗಳು, ಬಿಳಿ ಬಟ್ಟೆ, ಸಾಲು ಸಾಲು ತಟ್ಟೆಗಳು. ಗೋಡೆಯ ತುಂಬ ಕಾಗದದ ಕೊಕ್ಕರೆಗಳು. ಸಾಹೇಬರ ಮೇಜಿನಿಂದ ಮೂರನೆಯ ಕುರ್ಚಿಯ ಮುಂದೆ ಒಂದು ಚೀಟಿ ನಿಲ್ಲಿಸಿದ್ದರು. ಅದರಲ್ಲಿ "ಮ್ಯೂಸಿಯಂ" ಎಂದಿತ್ತು. ಅವನು ಅದನ್ನು ಎರಡು ಸಲ ಓದಿ ಮೆಲ್ಲಗೆ ಕೂತ.

ಬಲಗಡೆ ಪಟಾಲಮ್ಮಿನ ಡಾಕ್ಟರು, ಎಡಗಡೆ ಬ್ಯಾಂಡ್ ಮೇಷ್ಟ್ರು. ಹುರಿದ ಈರುಳ್ಳಿಯ ವಾಸನೆ ಹಾಲಿನ ತುಂಬ ಹರಡಿತ್ತು. ಡಾಕ್ಟರು ಅವನ ಕಡೆ ತಿರುಗಿ, "ಆ ಉಪ್ಪಿನ ಡಬ್ಬಿ ಸ್ವಲ್ಪ ಈ ಕಡೆ ಕೊಡ್ತೀರಾ?" ಎಂದು ಕೇಳಿದರು. ಅವನು ಎರಡೂ ಕೈಯಿಂದ ಎತ್ತಿ ಕೊಟ್ಟ. ಊಟದ ಮೇಜಿನಲ್ಲಿ ಒಬ್ಬರು ಅವನನ್ನು ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಇನ್ನೊಂದು ಸಲ ಕೇಳಲಿ ಎಂದು ಡಬ್ಬಿಯನ್ನು ಅವರು ಇಟ್ಟ ಕೂಡಲೇ ತನ್ನ ಕಡೆ ಎಳೆದುಕೊಂಡ. ಅವರು ಮತ್ತೆ ಕೇಳಿದರು. ಅವನಿಗೆ ಹೇಳಲಾರದಷ್ಟು ಸಂತೋಷವಾಯಿತು.

"ಕಹಳೆ ಇದೆ ತಾನೇ?" ಎಂದು ಎಡಗಡೆಯಿಂದ ಮೇಷ್ಟ್ರು ಪಿಸುಗುಟ್ಟಿದರು. ಮ್ಯೂಸಿಯಂ ನೀರು ಕುಡಿದ.

ಎಲ್ಲ ತಟ್ಟೆಗಳಿಗೂ ಬಡಿಸಿ ಮುಗಿಯಿತು. ಸಾಹೇಬರು ಎದ್ದು ನಿಂತರು. ಲಾಂಡ್ರಿ ರಸೀತಿಯನ್ನು ಕೈಯಲ್ಲಿ ಹಿಡಿದು ಓದತೊಡಗಿದಾಗ ಅವರ ದನಿ ಕವಾಯತಿನ ದನಿಯಾಗಿತ್ತು. ಕಲ್ಲಿನ ಮಾತು ಬರುವಷ್ಟರಲ್ಲಿ ಮೆತ್ತಗಾಯಿತು. ಯಾರೂ ಕೇಳುವುದಿಲ್ಲ ಎಂಬಲ್ಲಿ ಅವರು ಒಂದು ಕ್ಷಣ ನಿಲ್ಲಿಸಿದರು. ನಾನೂರು ಜನರಲ್ಲಿ ಒಬ್ಬರೂ ಚಮಚ ಮುಟ್ಟಲಿಲ್ಲ. ತುತ್ತಿನ ಮಾತಿಗೆ ಅಡುಗೆಯ ಮುಖ್ಯಸ್ಥ ಮುಖಕ್ಕೆ ಟವೆಲ್ ಒತ್ತಿಕೊಂಡ. ಹಗ್ಗದ ಮಾತು ಬಂದಾಗ ಬ್ಯಾಂಡ್ ಮೇಷ್ಟ್ರು ತಿರುಗಿ ನೋಡಿದರು. ಆದರೆ ಬೈಯಲಿಲ್ಲ, ಅವರ ಕಣ್ಣೂ ಒದ್ದೆಯಾಗಿತ್ತು. ಮುಗಿದ ಮೇಲೆ ಮೊದಲು ಚಪ್ಪಾಳೆ ತಟ್ಟಿದವಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸಾಹೇಬರ ಮಗಳು. ಆಮೇಲೆ ಹಾಲಿಗೆ ಹಾಲೇ ಎದ್ದು ನಿಂತಿತು.

"ಇದನ್ನ ಬರೆದವರು ನಮ್ಮ ಜೊತೆಗೇ ಇದಾರೆ" ಎಂದು ಸಾಹೇಬರು ಕೈ ತೋರಿಸಿದರು. ಮ್ಯೂಸಿಯಂ ಎದ್ದು ನಿಂತ. ಅಷ್ಟು ಮುಖಗಳು ಒಟ್ಟಿಗೆ ತನ್ನ ಕಡೆ ತಿರುಗಿದ್ದನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಸಾಹೇಬರು ಅವನನ್ನು ಬಳಿಗೆ ಕರೆದು, ತಮ್ಮ ಟೋಪಿಯ ಮೇಲಿದ್ದ ಬೆಳ್ಳಿಯ ಕೊಕ್ಕರೆಯನ್ನೇ ಬಿಚ್ಚಿ ಅವನ ಕೋಟಿನ ಎದೆಗೆ, ಸರಿಯಾಗಿ ನೀಲಿ ಕಲೆಯ ಮೇಲೆ, ಚುಚ್ಚಿದರು. ಮೊನೆ ಅಂಗಿಯನ್ನು ದಾಟಿ ಸ್ವಲ್ಪ ಚರ್ಮಕ್ಕೂ ತಾಗಿತು. ಅವನಿಗೆ ನೋವೇ ಆಗಲಿಲ್ಲ.

"ನೂರಾ ಹತ್ತು ವರ್ಷ ನಾವು ಈ ಹಕ್ಕೀನ ಟೋಪಿ ಮೇಲೆ ಹೊತ್ತಿದ್ವಿ, ಅದರ ಹಾಗೆ ನಡ್ಕೊಳ್ಳಲಿಲ್ಲ," ಎಂದರು ಸಾಹೇಬರು. "ಇವತ್ತಿಂದ ಹೊಸ ಪದ್ಧತಿ. ಪಟಾಲಂ ಒಟ್ಟಿಗೆ ಊಟಕ್ಕೆ ಕೂತಾಗ ಒಬ್ಬರು ಮಾತ್ರ ಕೂರಬಾರದು. ಆ ಹಕ್ಕಿ ಹಾಗೆ ದೂರದಲ್ಲಿ, ಮ್ಯೂಸಿಯಮ್ಮಲ್ಲಿ, ಒಬ್ಬರೇ ಎಚ್ಚರವಾಗಿ ನಿಂತಿರಬೇಕು, ಕೈಯಲ್ಲಿ ಕಲ್ಲು ಹಿಡ್ಕೊಂಡು. ಎಲ್ಲರೂ ಉಂಡು ಏಳೋವರೆಗೂ ಬಾಯಿಗೆ ತುತ್ತಿಡಬಾರದು. ಪಟಾಲಮ್ಮಲ್ಲಿ ಇದಕ್ಕಿಂತ ದೊಡ್ಡ ಗೌರವ ಇಲ್ಲ. ಮೊದಲ ಗೌರವ ಇವರನ್ನ ಬಿಟ್ಟು ಇನ್ಯಾರಿಗೆ ಸಲ್ಲಬೇಕು?"

ಚಪ್ಪಾಳೆಯ ಸದ್ದಿಗೆ ತಟ್ಟೆಗಳು ಅದುರಿದವು. ಮ್ಯೂಸಿಯಂ ಏನೋ ಹೇಳಲು ಬಾಯಿ ತೆರೆದ. "ಮಾತು ಬೇಡ, ನಿಮ್ಮ ಮನಸ್ಸು ನನಗೆ ಅರ್ಥ ಆಗುತ್ತೆ" ಎಂದು ಸಾಹೇಬರು ಅವನ ಭುಜ ತಟ್ಟಿದರು. ಹವಾಲ್ದಾರ ಹೊರಗೆ ಹೋಗಿ ಹೂವಿನ ಪಾತಿಯ ಅಂಚಿಗೆ ಜೋಡಿಸಿದ್ದ ಸುಣ್ಣ ಬಳಿದ ಕಲ್ಲುಗಳಲ್ಲಿ ಒಂದನ್ನು ಕಿತ್ತು ತಂದು ಅವನ ಕೈಗೆ ಕೊಟ್ಟ. ಬ್ಯಾಂಡ್ ಮೇಷ್ಟ್ರು ಎದ್ದು ಕಹಳೆ ಊದಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಮಾತಿಗೆ ಹೇಳುತ್ತಾರೆ. ಇಲ್ಲಿ ತಟ್ಟೆಯಲ್ಲಿ ಹೊಗೆಯಾಡುತ್ತಿದ್ದ ಊಟವನ್ನು ಬಿಟ್ಟು ಅವನು ನಾನೂರು ಜನರ ಸಲಾಮಿನ ನಡುವೆ ಬಾಗಿಲಿನ ಕಡೆ ನಡೆದ. ಹೊರಗೆ ಹೋಗುವಾಗ ತಿರುಗಿ ನೋಡಿದರೆ ಅವನ ಕುರ್ಚಿಯಲ್ಲಿ ಆಗಲೇ ಹವಾಲ್ದಾರ ಕೂತಿದ್ದ.

ಮ್ಯೂಸಿಯಮ್ಮಿನಲ್ಲಿ ಅವನು ಗಾಜಿನ ಪೆಟ್ಟಿಗೆಗಳ ಮಧ್ಯೆ ನಿಂತ. ಕೂರಬಹುದಿತ್ತು, ನೋಡುವವರು ಯಾರೂ ಇರಲಿಲ್ಲ. ಆದರೂ ಕೂರಲಿಲ್ಲ. ಸುಣ್ಣ ಅಂಗೈಗೆ ಅಂಟುತ್ತಿತ್ತು. ಹೊಟ್ಟೆ ಹಸಿದಿತ್ತು. ಊಟದ ಭರವಸೆಯಲ್ಲಿ ಅಂದು ಡಬ್ಬಿಯ ಊಟವನ್ನೂ ಬೆಳಿಗ್ಗೆಯೇ ನಾಯಿಗೆ ಹಾಕಿಬಿಟ್ಟಿದ್ದ.

ಅರ್ಧ ಗಂಟೆಯ ಮೇಲೆ ಮೇಜಿನ ಮೇಲಿದ್ದ ಫೋನು ರಿಂಗಣಿಸಿತು.

"ಎಚ್ಚರವಾಗಿದ್ದೀರಾ?" ಎಂದು ಊಟದ ಹಾಲಿನಿಂದ ಸಾಹೇಬರ ದನಿ ಕೇಳಿತು.

"ಇದೀನಿ ಸಾರ್."

"ಕಲ್ಲು?"

"ಕೈಯಲ್ಲೇ ಇದೆ ಸಾರ್."

"ಭೇಷ್" ಎಂದು ಅವರು ರಿಸೀವರ್ ಇಟ್ಟರು. ಆದರೆ ಊಟದ ಗಡಿಬಿಡಿಯಲ್ಲಿ ಅದು ಸರಿಯಾಗಿ ಕೂತಿರಲಿಲ್ಲ. ಮ್ಯೂಸಿಯಮ್ಮಿನ ಕಿವಿಯೊಳಗೆ ಇಡೀ ಊಟದ ಹಾಲ್ ತೆರೆದುಕೊಂಡಿತು. ಚಮಚದ ಸದ್ದು, ಯಾರೋ ಜೋರಾಗಿ ನಕ್ಕದ್ದು, ಇನ್ನೊಂದು ಸ್ವಲ್ಪ ಬಡಿಸಿ ಎಂದದ್ದು, ದರ್ಜಿ ಯಾರದೋ ಸೊಂಟದ ಅಳತೆಯ ಬಗ್ಗೆ ತಮಾಷೆ ಮಾಡಿದ್ದು. ಅವನು ಉಸಿರು ಹಿಡಿದು ರಿಸೀವರನ್ನು ಕಿವಿಗೆ ಒತ್ತಿಕೊಂಡ. ಒಂದು ತಮಾಷೆಗೆ ಅವರ ಜೊತೆ ತಾನೂ ಮೆಲ್ಲಗೆ ನಕ್ಕ.

ಆಮೇಲೆ ಹತ್ತಿರದಲ್ಲೇ ಡಾಕ್ಟರ ದನಿ ಕೇಳಿಸಿತು. "ಪಾಪ ಸಾರ್, ಅವರೊಬ್ಬರನ್ನೇ ಅಲ್ಲಿ ನಿಲ್ಲಿಸಿದ್ದು ನನಗ್ಯಾಕೋ ಸರಿಯನಿಸ್ತಿಲ್ಲ. ಮುಂದಿನ ವರ್ಷ ಇನ್ಯಾರಿಗಾದ್ರೂ ಆ ಗೌರವ ಕೊಡೋಣ. ಅವರು ನಮ್ಮ ಜೊತೆ ಕೂತು ಊಟ ಮಾಡಲಿ."

ಮ್ಯೂಸಿಯಂ ಕಲ್ಲನ್ನು ಬಿಗಿಯಾಗಿ ಹಿಡಿದುಕೊಂಡ.

"ಛೆ ಛೆ, ಅಂಥ ಕೆಲಸ ಮಾಡಬೇಡಿ," ಎಂದರು ಸಾಹೇಬರು. "ಅವರು ಬರೆದಿದ್ದು ಕೇಳಿದ್ರಲ್ಲ. ಒಬ್ಬರೇ ಇರೋದಂದ್ರೆ ಆ ಮನುಷ್ಯನಿಗೆ ಪ್ರಾಣ. ಇಷ್ಟವಿಲ್ಲದೋರು ಯಾರಾದ್ರೂ ಅಷ್ಟು ಚೆನ್ನಾಗಿ ಬರೀತಾರಾ? ನಾನು ಆಗಲೇ ಆದೇಶಕ್ಕೆ ಸಹಿ ಹಾಕಿದೀನಿ. ರಿಟೈರ್ ಆಗೋವರೆಗೂ ಪ್ರತಿ ವರ್ಷ ಅವರಿಗೇ."

ಯಾರೋ ರಿಸೀವರನ್ನು ಸರಿಯಾಗಿ ಇಟ್ಟರು. ಮ್ಯೂಸಿಯಂ ಇನ್ನೂ ಸ್ವಲ್ಪ ಹೊತ್ತು ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದ. ಆಮೇಲೆ ಕಲ್ಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.